ಹಾಲೇಶಪ್ಪನ ಎರಡನೇ ದಿನ

ಎಲ್ಲಾ ಶುರುವಾದದ್ದು ಒಂದು ಬ್ಯಾಗಿನಿಂದ. ಪಶ್ಚಿಮ ಘಟ್ಟದಲ್ಲಿ ನಾಲ್ಕು ದಿನದ ಚಾರಣ. ಪೂರ್ತಿ ಆಗದವರು ಒಂದು ದಿನ ಮಾತ್ರ ನಡೆದು ಬರಬಹುದು. ಹರಿಹರದ ಹಾಲೇಶಪ್ಪ ಎರಡನೇ ದಿನವನ್ನು ಆರಿಸಿಕೊಂಡು ಅದನ್ನೇ ಜಪಿಸುತ್ತಿದ್ದ: ಬೆಳಕು ಹರಿಯುವಾಗ ಹೊರಡುವುದು, ಮಧ್ಯಾಹ್ನ ಹಳ್ಳದ ದಂಡೆಯಲ್ಲಿ ರೊಟ್ಟಿ ಬಿಚ್ಚುವುದು, ಸಂಜೆ ಆಚೆ ಬದಿಗಿಳಿದು ಜೀಪು ಹತ್ತುವುದು. ದಾವಣಗೆರೆಯ ಆಫೀಸಿನಲ್ಲಿ ಕುರ್ಚಿ ಸವೆಸಿದವನಿಗೆ ಬೆಟ್ಟದ ಆಸೆ ಮದುವೆಗಿಂತ ಹಳೆಯದು.

ಉಳಿದದ್ದು ಒಂದೇ ಸೀಟು. ತಂಡದ ಮುಂದಾಳು, ಚಪ್ಪಲಿ ಅಂಗಡಿಯ ಹಿದಾಯತ್, ಷರತ್ತು ಹಾಕಿದ: “ಭಾನುವಾರ ಬ್ಯಾಗ್ ಹೊತ್ಕಂಡು ಕೊಂಡಜ್ಜಿ ಕೆರೆತನಕ ನಡಕಂಡು ಬರ್ರಿ. ಏರಿ ಮೇಲೆ ಕಾಯ್ತಿರ್ತೀನಿ. ಗಾಡಿ ಹತ್ತಿದ್ರೆ ಸೀಟಿಲ್ಲ.”

ಭಾನುವಾರ ಹೆಂಡತಿ ಶಾಂತಲಾ ಬಾಗಿಲಲ್ಲೇ ರೇಗಿದಳು. “ಮೂಲೆ ಅಂಗಡಿಗೆ ಹೋಗಾಕೂ ಬೈಕ್ ಬೇಕು, ಈಗ ಬೆಟ್ಟ ಹತ್ತಾರಂತೆ! ಹೋಗ್ರಿ, ಹೋಗ್ರಿ!”

ಕೊನೆಯ ಮಾತಷ್ಟೇ ಎದುರುಮನೆಯ ನಾಗಕ್ಕನ ಕಿವಿಗೆ ಬಿತ್ತು. ಹಿಂದೆಯೇ ದೊಡ್ಡ ಬ್ಯಾಗು ಹೊತ್ತ ಹಾಲೇಶಪ್ಪ ಕಣ್ಣಿಗೆ ಬಿದ್ದ. ಗಂಡ ಮನೆ ಬಿಟ್ಟ ಎಂದು ನಾಗಕ್ಕ ತೀರ್ಮಾನಿಸಿಬಿಟ್ಟಳು.

ಗುರುತಿನವರು ರಸ್ತೆಯಲ್ಲಿ ನಡೆದು ಹೋದರೆ ನಮ್ಮ ಕಡೆ ಯಾರೂ ಸಹಿಸುವುದಿಲ್ಲ. ಊರು ದಾಟುವಷ್ಟರಲ್ಲಿ ಆಟೋ ನಿಂತಿತು, ಹಾಲಿನ ಗಾಡಿ ನಿಂತಿತು, ಭತ್ತ ಹೇರಿದ ಟ್ರ್ಯಾಕ್ಟರೂ ನಿಂತಿತು.

“ಹತ್ರಿ ಸಾರ್, ಯಾಕ ನಡೀತೀರಿ?” ಎಂದ ಟ್ರ್ಯಾಕ್ಟರಿನವನು.

“ಬ್ಯಾಡಪ್ಪ, ನಡೀಬೇಕಂತಲೇ ಹೊಂಟೀನಿ.”

ಅವನು ಅಯ್ಯೋ ಪಾಪ ಅನ್ನುವ ಹಾಗೆ ನೋಡಿ ಮುಂದೆ ಹೋದ.

ಭುಜ ಕಳಚಿ ಬೀಳುವಂತಿತ್ತು. ಆದರೂ ಕೊನೆಯ ತಿರುವಿನಲ್ಲಿ ಕೆರೆಯ ಏರಿ ಕಂಡಾಗ ಹಾಲೇಶಪ್ಪನಿಗೆ ಅಳು ಬರುವಷ್ಟು ಖುಷಿಯಾಯಿತು. ಆಗಲೇ ಅವನ ಬೀದಿಯ ನಾಗರಾಜಪ್ಪನ ಬೈಕು ಅಡ್ಡ ಬಂತು.

“ನಾಗಕ್ಕ ಫೋನ್ ಮಾಡಿದ್ಲು. ಒಂದು ಜಗಳಕ್ಕೆ ಮನೆ ಬಿಡ್ತಾರೇನ್ರಿ?” ಎನ್ನುತ್ತ ಬ್ಯಾಗು ಕಿತ್ತು ಟ್ಯಾಂಕಿನ ಮೇಲಿಟ್ಟುಕೊಂಡ.

“ಜಗಳ ಅಲ್ರೀ! ಏರಿ ಮೇಲೆ ಹಿದಾಯತ್ ಅದಾನೆ, ಅವನ್ನ ಕೇಳ್ರಿ!”

“ಕೇಳಾನ, ಹತ್ರಿ!” ಎಂದು ರಟ್ಟೆ ಹಿಡಿದು ಕೂರಿಸಿಕೊಂಡೇ ಬಿಟ್ಟ.

ಬೈಕು ಕಂಡು ಹಿದಾಯತ್ ತಲೆಯಾಡಿಸಿದ. “ಸೀಟು ಹೋತಲ್ಲ ಸಾಹೇಬ್ರೆ!”

“ದೇವರಾಣೆ, ಈ ತಿರುವಿನತನಕ ನಡಕಂಡೇ ಬಂದೀನಿ!”

“ಯಾರು ನೋಡಿದಾರೆ?”

“ನಾ ನೋಡೀನಿ!” ಸೆರಗು ಸೊಂಟಕ್ಕೆ ಸಿಕ್ಕಿಸಿ, ಹವಾಯಿ ಚಪ್ಪಲಿ ಬಡಿಯುತ್ತ ನಾಗಕ್ಕ ಏರಿ ಹತ್ತಿ ಬಂದಳು. “ಮನೆಯಿಂದ ಇವನ ಬೆನ್ನಿಗೇ ಬಂದೀನಿ. ಯಾವ ಗಾಡೀನೂ ಹತ್ತಿಲ್ಲ.”

ಹಾಲೇಶಪ್ಪ ಅವಳ ಕಾಲಿಗೆ ಬೀಳುವುದೊಂದು ಬಾಕಿ. ಆದರೆ ಹಿದಾಯತ್ ಅವಳ ಚಪ್ಪಲಿಯನ್ನೇ ನೋಡುತ್ತಿದ್ದ.

“ನೀವು ಹೆಂಗೆ ಬಂದ್ರಿ ಅಕ್ಕಾ?”

“ನಡಕಂತಾನೆ. ಗಾಡಿ ಹತ್ತಿದ್ರೆ ಇವ್ನು ತಪ್ಪಿಸ್ಕಂಡು ಬಿಡ್ತಾನಲ್ಲ!”

“ಪೂರ್ತಿ?”

“ಮತ್ತೆ ಅರ್ಧ ನಡೀತಾರೇನು?”

“ಬೆಟ್ಟಕ್ಕೆ ಬರ್ತೀರೇನ್ರಿ? ಒಂದು ಸೀಟು ಐತೆ.”

ನಾಗಕ್ಕ ಹಿಂದೆಮುಂದೆ ನೋಡಲಿಲ್ಲ. “ಆ ಬ್ಯಾಗು ನಂಗಿರ್ಲಿ ಹಾಲೇಶಪ್ಪ. ನಿಂಗಿನ್ಯಾಕ?”

ಹಿದಾಯತ್ ನೆಂಟರ ಮನೆಗೆ ಊಟಕ್ಕೆ ಹೊರಟ. ದಣಿದ ನಾಗಕ್ಕನನ್ನು ಬೈಕಿನಲ್ಲಿ ಕೂರಿಸಿಕೊಂಡು ನಾಗರಾಜಪ್ಪ ಹರಿಹರಕ್ಕೆ ಹೊರಟ. ಬಿಸಿಲಲ್ಲಿ ಒಬ್ಬನೇ ನಿಂತ ಹಾಲೇಶಪ್ಪನ ಕಣ್ಣಿಗೆ ಬೆಳಗಿನ ಟ್ರ್ಯಾಕ್ಟರು ಭತ್ತ ಇಳಿಸಿ ವಾಪಸ್ ಬರುವುದು ಕಂಡಿತು. ಎರಡೂ ಕೈ ಎತ್ತಿ ಬೀಸಿದ.

ಟ್ರ್ಯಾಕ್ಟರಿನವನೂ ಕೈ ಬೀಸಿದ. “ಗೊತ್ತೈತೆ ಬಿಡ್ರಿ ಸಾರ್, ನೀವು ನಡೀಬೇಕಂತಲೇ ಹೊಂಟೀರಿ!”