ಗಾಡಿ ಹೊಗಳುವ ಗಿರಾಕಿ

ನನ್ನ ಸೋದರಮಾವನಂಥ ಕೆಟ್ಟ ಗಿರಾಕಿ ಟಿ. ನರಸೀಪುರದಿಂದ ನಂಜನಗೂಡಿನವರೆಗೆ ಹುಡುಕಿದರೂ ಇನ್ನೊಬ್ಬರು ಸಿಗಲಾರರು. ಕೆಟ್ಟ ಗಿರಾಕಿ ಎಂದರೆ ಜಿಪುಣರು ಎಂದುಕೊಂಡಿರಾ? ಅಲ್ಲವೇ ಅಲ್ಲ. ಕೊಳ್ಳಲು ಹೋಗಿ, ಮಾರುವವನ ಮನಸ್ಸನ್ನೇ ಬದಲಾಯಿಸಿ, ಅವನ ಮನೆಯಲ್ಲೇ ಊಟ ಮುಗಿಸಿ, ಬರಿಗೈಯಲ್ಲಿ ವಾಪಸಾಗುವವರು!

ಅವರಿಗೆ ಬೇಕಾದದ್ದು ಒಂದು ಹಳೆಯ ಅಡ್ವೆಂಚರ್ ಬೈಕು. ನೀವು ನೋಡಿರುತ್ತೀರಿ. ಒಂಟೆಯಷ್ಟು ಎತ್ತರ, ಮುಂದೆ ಹಕ್ಕಿಯ ಕೊಕ್ಕಿನಂತೆ ಚಾಚಿದ ಮಡ್‌ಗಾರ್ಡು, ಹಿಂದೆ ಎರಡೂ ಪಕ್ಕಕ್ಕೆ ಪೆಟ್ಟಿಗೆ. ತಾಲ್ಲೂಕು ಕಚೇರಿಯ ಗುಮಾಸ್ತರಾದ ಮಾವನ ಕೈಗೆ ಹೊಸದು ಎಟುಕುವುದಿಲ್ಲ. ಹಳೆಯದರ ಮೇಲೆ ಕೂತರೋ, ಕಾಲಿಗೆ ನೆಲ ಎಟುಕುವುದಿಲ್ಲ! ಅವರ ಎತ್ತರದ ಬಗ್ಗೆ ಹೆಚ್ಚು ಬರೆದರೆ ಅತ್ತೆಗೆ ಕೋಪ ಬರುತ್ತದೆ. ಆ ಮನೆಯಲ್ಲಿ ಬೀರುವಿನ ಮೇಲಿನ ಸೂಟ್‌ಕೇಸ್ ಇಳಿಸಿಕೊಡುವವರು ಅತ್ತೆ ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ.

ಬೈಕು ಕೊಂಡು ಎಲ್ಲಿಗೆ ಹೋಗುವುದು? ಬೈಕಿನವರೆಲ್ಲ ಲಡಾಖ್ ಎನ್ನುತ್ತಾರೆ. ಮಾವ ಕಛ್ ಎಂದರು. ಕಣ್ಣು ಹಾಯುವಷ್ಟು ದೂರವೂ ಬರೀ ಉಪ್ಪಿರುವ ಬಯಲು.

"ಹುಟ್ಟಿದಾಗಿಂದ ನೋಡ್ತಾನೇ ಇವ್ನಿ. ಈ ಕಡೆ ಕಾವೇರಿ, ಆ ಕಡೆ ಕಪಿಲೆ, ಮಧ್ಯದಲ್ಲಿ ಭತ್ತ, ಕಬ್ಬು. ಕಣ್ಣಿಗೆ ಒಂದು ಗಳಿಗೆ ಬಿಡುವಿಲ್ಲ ಕಣ್ಲಾ. ಏನೂ ಇಲ್ದೇ ಇರೋ ಜಾಗ ಒಂದ್ಸಲ ನೋಡ್ಬೇಕು."

"ಏನೂ ಇಲ್ದೇ ಇರೋದ ನೋಡಕ್ಕೆ ಗುಜರಾತ್‌ಗಂಟ ಯಾಕೋಗ್ಬೇಕು? ನನ್ನ ಸಾಸ್ವೆ ಡಬ್ಬ ತೆಗೆದು ನೋಡಿ, ಸಾಕು," ಎಂದರು ಅತ್ತೆ ಒಳಗಿನಿಂದ.

ಮಾವ ನಗಲಿಲ್ಲ. ಅವರ ಸವೆದ ಮಂಡಿ ನೋಡಿದ ಡಾಕ್ಟರು, ಗಾಡಿ ಓಡಿಸುವ ಆಸೆಯಿದ್ದರೆ ತಡಮಾಡಬೇಡಿ ಎಂದು ಹೇಳಿ ಕಳಿಸಿದ್ದರು. ಅಲ್ಲಿಂದಾಚೆಗೆ ಅವರು ಮಲಗಿದರೂ ಮೊಬೈಲಿನಲ್ಲಿ ಮಾರಾಟದ ಗಾಡಿಗಳನ್ನೇ ಸರಿಸುತ್ತಿದ್ದರು.

ನಮ್ಮ ಕಡೆ ಹಳೆಯ ಗಾಡಿ ಕೊಳ್ಳುವುದಕ್ಕೂ ಎತ್ತು ಕೊಳ್ಳುವುದಕ್ಕೂ ಪದ್ಧತಿ ಒಂದೇ. ಮೊದಲು ಮುಖ ಸಿಂಡರಿಸಬೇಕು. ಒಂದು ಸುತ್ತು ಬಂದು, ಟೈರಿಗೆ ಮೆಲ್ಲಗೆ ಒದ್ದು, "ಯಾಕೋ ಸೌಂಡು ಸರಿಯಿಲ್ವಲ್ಲಾ" ಎನ್ನಬೇಕು. ಬೇಡವೆಂಬಂತೆ ಗೇಟಿನವರೆಗೆ ನಡೆಯಬೇಕು. ಮಾರುವವನು ಕೂಗಿ ಕರೆಯಬೇಕು. ನಾಟಕವೆಂದು ಇಬ್ಬರಿಗೂ ಗೊತ್ತು. ಆದರೆ ಹತ್ತು ಜನ ಹೀಗಳೆದ ಮೇಲೇ ತಾನೇ ಮಾರುವವನಿಗೂ ತನ್ನ ಗಾಡಿಯ ಮೇಲಿನ ಮೋಹ ಬಿಡುವುದು?

ಮಾವನಿಗೆ ಈ ನಾಟಕ ಬರುವುದಿಲ್ಲ. ಸೋಮನಾಥಪುರದಲ್ಲಿ ಎಳನೀರು ವ್ಯಾಪಾರಿಯೊಬ್ಬನ ಬೈಕಿನ ಮುಂದೆ ಅವರು ದೇವರ ಮುಂದೆ ನಿಂತಂತೆ ನಿಂತುಬಿಟ್ಟರು.

"ಏನ್ ಸಾಕಿದ್ದೀಯಪ್ಪಾ ಇದ! ಈ ಎಂಜಿನ್ ಮಾತಾಡೋದ ಕೇಳು. ಇದ ಕೊಟ್ಟು ಇಂಥದ್ದು ಮತ್ತೆ ಎಲ್ಲಿ ತತ್ತೀಯಾ?"

ಅವನು ಬೈಕನ್ನು ನೋಡಿದ. ಮಾವನನ್ನು ನೋಡಿದ. ಮತ್ತೆ ಬೈಕನ್ನು ನೋಡಿದ. ಆಮೇಲೆ ಕೀ ತೆಗೆದು ಜೇಬಿಗೆ ಹಾಕಿಕೊಂಡ.

"ಬ್ಯಾಡ ಬುಡಿ ಸಾ. ನಾನು ಮಾರಕಿಲ್ಲ. ಎಳನೀರು ಕುಡೀರಿ."

ಮುಂದಿನ ಸಲ ತಪ್ಪು ಹುಡುಕಲೆಂದೇ ನನ್ನನ್ನು ಕರೆದೊಯ್ದರು. ಅದು ಹೆಮ್ಮಿಗೆ. ಅಥವಾ ತಲಕಾಡು? ಇಷ್ಟು ದಿನ ಹೆಮ್ಮಿಗೆ ಎಂದೇ ಹೇಳಿಕೊಂಡು ಬಂದಿದ್ದೇನೆ, ಆದರೆ ಕಾಲಡಿಯಲ್ಲಿ ತಲಕಾಡಿನಂತೆ ಮರಳು ಇದ್ದದ್ದು ನೆನಪಿದೆ. ನೆನಪೂ ಸೆಕೆಂಡ್ ಹ್ಯಾಂಡ್ ಮಾಲೇ ಅಲ್ಲವೇ? ಯಾರು ಯಾವಾಗ ಮೀಟರು ಹಿಂದಕ್ಕೆ ತಿರುಗಿಸಿದರೋ ಹೇಳುವುದು ಹೇಗೆ! ಊರು ಯಾವುದಾದರೂ ಇರಲಿ, ನಾನು ಕೆಲಸ ನಿಯತ್ತಾಗಿ ಶುರುಮಾಡಿದೆ. "ಚೈನು ಸಡಿಲ," ಎಂದೆ. ಮಾರುವವನು ಬಾಯಿ ತೆರೆಯುವ ಮೊದಲೇ ಮಾವ ಸಿಡುಕಿದರು.

"ಚೈನು ಅಂದ್ಮೇಲೆ ಸಡಿಲ ಆಗ್ದೇ ಇನ್ನೇನಾಯ್ತದ್ಲಾ? ನಿನ್ನ ಪ್ಯಾಂಟು ಸಡಿಲ ಆಗಿಲ್ವಾ?"

ಮಾರುವವನು ನಕ್ಕ, ಮಾವನನ್ನು ಅಣ್ಣಾ ಎಂದು ಕರೆದ, ಬೆಲೆ ಏರಿಸಿದ!

ಹೀಗೇ ಮಳೆಗಾಲ ಕಳೆಯಿತು. ಮಾವನ ನಡಿಗೆ ನಿಧಾನವಾಯಿತು. ಮೆಟ್ಟಿಲು ಹತ್ತುವಾಗ ಒಂದು ಕೈ ಗೋಡೆಗೆ ಹೋಗತೊಡಗಿತು. ಕಛ್‌ನ ಮಾತು ಆಡುತ್ತಿದ್ದರು, ಆದರೆ ಮೊದಲಿನಂತೆ ಊರಿಗೆಲ್ಲ ಕೇಳುವಂತೆ ಅಲ್ಲ.

ಆಗ ಸಿಕ್ಕಿದ್ದು ನಂಜನಗೂಡಿನ ಗಾಡಿ. ಮಾಲೀಕರು ಒಬ್ಬ ಬ್ಯಾಂಕ್ ನೌಕರರು. ಗುಂಡ್ಲುಪೇಟೆಯಾಚೆ ಒಂದು ತಿರುವಿನಲ್ಲಿ ಬಿದ್ದು ಕಾಲು ಮುರಿದುಕೊಂಡಿದ್ದರು. ಮೂಳೆ ಕೂಡಿಕೊಂಡಿತ್ತು, ಭಯ ಹೋಗಿರಲಿಲ್ಲ. ಅಂದಿನಿಂದ ಬೈಕು ಟಾರ್ಪಾಲಿನಡಿ, ಅವರು ಟಿವಿಯ ಮುಂದೆ. ಮಾರಾಟಕ್ಕೆ ಹಾಕಿದ್ದು ಅವರ ಹೆಂಡತಿ.

"ಬೆಳಿಗ್ಗೆ ಬಾಗಿಲು ತೆಗೆದ್ರೆ ಅದೇ ಕಾಣುತ್ತೆ. ಅವ್ರು ಅದನ್ನ ನೋಡೋದೂ ಇಲ್ಲ, ನೋಡ್ದೆ ಇರೋದೂ ಇಲ್ಲ. ತಗೊಂಡೋಗ್ಬಿಡಿ," ಎಂದರು ಆಕೆ.

ಟಾರ್ಪಾಲು ಸರಿಸಿದಾಗ ಒಂದು ಪವಾಡ ನಡೆಯಿತು. ಮಾಲೀಕರೂ ನಮ್ಮ ಮಾವನಷ್ಟೇ ಎತ್ತರ! ಸೀಟನ್ನು ತಮ್ಮ ಅಳತೆಗೆ ಇಳಿಸಿಕೊಂಡಿದ್ದರು. ಮಾವ ಹತ್ತಿ ಕೂತರು. ಎರಡೂ ಪಾದ ನೆಲ ಮುಟ್ಟಿದವು. ಮಾವ ತಮ್ಮ ಪಾದಗಳನ್ನೇ ನೋಡಿಕೊಂಡರು. ಹೊಗಳಲಿಲ್ಲ. ವ್ಯಾಪಾರ ಕುದುರಿತು. ಇನ್ನು ಉಳಿದದ್ದು ಓಡಿಸಿ ನೋಡುವುದೊಂದೇ.

ಗಿರಾಕಿ ಗಾಡಿಯೊಂದಿಗೆ ಪರಾರಿಯಾಗದಂತೆ ಮಾಲೀಕ ಹಿಂದೆ ಕೂತು ಹೋಗುವುದು ವಾಡಿಕೆ. ಈ ಮನುಷ್ಯ ಕದಲಲಿಲ್ಲ. ಹೆಂಡತಿ ನಮ್ಮೆದುರೇ ಗದರಿದರು.

"ಹಿಂದೆ ಕೂತ್ಕೊಂಡೋಗ್ರೀ. ಗುರುತಿಲ್ದೋರ ಕೈಗೆ ಹಂಗೇ ಕೊಟ್ಟು ಕಳಿಸ್ತೀರಾ?"

ಅವರು ಹೆಲ್ಮೆಟ್ ಹಾಕಿಕೊಂಡು, ಕಣ್ಣು ಮುಚ್ಚಿ ಹತ್ತಿದರು. ನಾನು ನನ್ನ ಸ್ಕೂಟರಿನಲ್ಲಿ ಹಿಂಬಾಲಿಸಿದೆ. ಊರು ದಾಟಿ, ನರಸೀಪುರದ ರಸ್ತೆಗೆ ಬಿದ್ದು, ಗದ್ದೆಗಳ ನಡುವೆ ರಸ್ತೆ ನೇರವಾದ ಕಡೆ ಮಾವ ಗಾಡಿ ನಿಲ್ಲಿಸಿ ಇಳಿದುಬಿಟ್ಟರು. ಹಿಂದಿನ ಸೀಟಿನಲ್ಲಿದ್ದವರ ಕಣ್ಣು ಈಗ ತೆರೆದಿತ್ತು.

"ಮುಂದಕ್ಕೆ ಬನ್ನಿ," ಎಂದರು ಮಾವ.

"ನಾನು ಓಡಿಸಲ್ಲ ಸಾರ್. ಬಿಟ್ಟಿದ್ದೀನಿ."

"ಓಡಿಸ್ಬ್ಯಾಡಿ. ಸುಮ್ನೆ ಕೂತ್ಕಳಿ. ನಿಮ್ಮ ಅಳತೆಗೆ ಮಾಡ್ಸಿರೋ ಸೀಟಲ್ವಾ?"

ನನಗೆ ಎಲ್ಲ ಅರ್ಥವಾಯಿತು. ಮಾವನ ತೋಳು ಹಿಡಿದು ಪಕ್ಕಕ್ಕೆ ಎಳೆದೆ.

"ಮಾವ, ಬೇಡ. ಅವರು ಓಡಿಸಿದ್ರೆ ಇದೂ ಹೋಯ್ತದೆ. ನಿಮಗೆ ಕಾಲು ನಿಲುಕೋ ಗಾಡಿ ಇದೊಂದೇ."

"ಗೊತ್ತು ಕಣ್ಲಾ," ಎಂದರು. "ಹಿಂದೆ ಕೂತಿದ್ದಾಗ ನನ್ನ ಹೆಗಲು ಹಿಡ್ಕಂಡಿದ್ರು. ಮೊದಮೊದ್ಲು ನಡುಗ್ತಿದ್ರು. ಕಾಲುವೆ ದಾಟಿದ ಮೇಲೆ ನಡುಕ ನಿಲ್ತು. ಆಮೇಲೆ ನಾನು ಗೇರ್ ಬದಲಾಯಿಸೋದು ಲೇಟಾದಾಗೆಲ್ಲ ಹೆಗಲ ಅದುಮ್ತಿದ್ರು ಕಣ್ಲಾ. ಅಂಥೋರ ಹತ್ರ ಹೆಂಗ್ಲಾ ಕಿತ್ಕಳೋದು?"

ನಮ್ಮ ಬೆನ್ನ ಹಿಂದೆ ಎಂಜಿನ್ ಶುರುವಾಯಿತು. ಬೈಕು ಒಮ್ಮೆ ಓಲಾಡಿತು, ನೆಟ್ಟಗಾಯಿತು, ಚಿಕ್ಕದಾಗುತ್ತಾ ಹೋಯಿತು.

ಅವರು ಎಷ್ಟು ಹೊತ್ತಿಗೆ ಮರಳಿ ಬಂದರು, ಬಂದು ಮಾವನಿಗೆ ಏನು ಹೇಳಿದರು ಎಂದು ಕೇಳಿದವರಿಗೆಲ್ಲ ನಾನು ಬೇರೆ ಬೇರೆ ಥರ ಹೇಳಿದ್ದೇನೆ. ಯಾವುದನ್ನೂ ನಂಬಬೇಡಿ. ನನ್ನಲ್ಲಿ ಗಟ್ಟಿಯಾಗಿ ಉಳಿದಿರುವುದು ಇಷ್ಟೇ. ನಾವಿನ್ನೂ ಕಾಯುತ್ತಿದ್ದಾಗ ರಸ್ತೆಯ ಬದಿಯಲ್ಲಿ ಮಾವನ ಫೋನು ಬಡಿದುಕೊಂಡಿತು. ಮಾಲೀಕರ ಹೆಂಡತಿ.

"ಎಲ್ಲಿದ್ದೀರಾ? ಅವ್ರು ಫೋನೇ ಎತ್ತುತ್ತಿಲ್ಲ!"

"ಗಾಡಿ ಓಡಿಸ್ತಾವ್ರೆ ಕಣವ್ವಾ."

"ಯಾರು?"

"ನಿಮ್ಮೆಜಮಾನ್ರು."

ಮಾವ ಫೋನು ಇಡಲಿಲ್ಲ. ದೂರದ ಆ ಎಂಜಿನ್ ಸದ್ದು ಆಕೆಗೂ ಕೇಳಲೆಂದು ತೋಳನ್ನು ಆದಷ್ಟೂ ಮೇಲೆತ್ತಿ, ಫೋನನ್ನು ರಸ್ತೆಯ ಕಡೆಗೆ ಹಿಡಿದು ನಿಂತರು.