ಕುರ್ಚಿಯ ಹಿಂದೆ ವೀರಪ್ಪ ಬಂದರು

ಎದುರುಮನೆಯಿಂದ ಒಂದು ಕುರ್ಚಿ ಕೇಳಿ ತಂದದ್ದೇ ಎಲ್ಲಕ್ಕೂ ಕಾರಣವಾಯಿತು.

ಹುಬ್ಬಳ್ಳಿಯ ಪೈಪಿನ ಕಂಪನಿಯವರು ಮೊಬೈಲಿನಲ್ಲೇ ಸಂದರ್ಶನ ಮಾಡುತ್ತೇವೆ ಎಂದಿದ್ದರು. ಮುರಗೋಡದ ಸಂಘಮಿತ್ರಾಳಿಗೆ ನೆಟ್ಟಗೆ ಕೂರಲು ಒಳ್ಳೆಯ ಕುರ್ಚಿ ಬೇಕಿತ್ತು. ಅವ್ವ ಸುಂದರವ್ವ ಹೋಗಿ ಕೇಳಿದಳು. ಕುರ್ಚಿ ಬಂತು. ಅದರ ಹಿಂದೆ ಕುರ್ಚಿಯ ಒಡೆಯ ವೀರಪ್ಪ, ಅವರ ಹಿಂದೆ ಪಕ್ಕದ ಮನೆಯ ಮಾಯವ್ವ ಕೂಡ ಬಂದರು.

ವೀರಪ್ಪ ಹೈಸ್ಕೂಲಿನ ಗುಮಾಸ್ತರಾಗಿ ನಿವೃತ್ತರಾದವರು. ತಮ್ಮ ಮಾತು ಕೇಳಿ ನೌಕರಿ ಹಿಡಿದವರ ಹೆಸರುಗಳನ್ನು ಮಗ್ಗಿಯಂತೆ ಒಪ್ಪಿಸಬಲ್ಲರು. ಹುಡುಗಿ ಕೂರುವ ಮೊದಲೇ ಶುರುಮಾಡಿದರು: ಕ್ಯಾಮೆರಾವನ್ನೇ ನೋಡಬೇಕು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬೇಕು, ಹಳೆಯ ಮಾಲೀಕನನ್ನು ಬೈಯಬಾರದು.

"ಕಡೀಕ, ನೀವೇನರ ಕೇಳೂದೈತೇನು ಅಂತಾರ. ಆವಾಗ ಸುಮ್ಮನ ಕುಂತಿ ಅಂದ್ರ ಕೆಲಸ ಹೋತಂತ ತಿಳಕೊ."

ಮಾಯವ್ವನಿಗೆ ಹಿಂದಿನ ಗೋಡೆ ಸರಿಬರಲಿಲ್ಲ. ಅದನ್ನು ಮರೆಮಾಡಲು ತನ್ನ ಹೂವಿನ ಸೀರೆ ತಂದಳು. ಮೊಳೆ ನಿಲ್ಲದೆ ಹೋದದ್ದರಿಂದ ಒಂದು ತುದಿಯನ್ನು ತಾನೇ ಹಿಡಿದಳು, ಇನ್ನೊಂದನ್ನು ಸುಂದರವ್ವನ ಕೈಗೆ ಕೊಟ್ಟಳು.

ಪರದೆಯ ಮೇಲೆ ಮಧು ಎಂಬ ಎಳೆ ವಯಸ್ಸಿನ ಅಧಿಕಾರಿ ಕಾಣಿಸಿದ. ಸಂಘಮಿತ್ರಾ ಕೇಳಿದ್ದಕ್ಕೆಲ್ಲ ಚುರುಕಾಗಿ ಉತ್ತರಿಸಿದಳು. ಕೊನೆಗೆ ಅವನು, ನಿಮ್ಮದೇನಾದರೂ ಪ್ರಶ್ನೆ ಇದೆಯೇ ಎಂದ. ಅಷ್ಟೇ, ಕಲಿತಿಟ್ಟುಕೊಂಡ ಪ್ರಶ್ನೆಗಳೆಲ್ಲ ಕಲ್ಲು ಬಿದ್ದ ಗುಬ್ಬಿ ಹಿಂಡಿನಂತೆ ಹಾರಿಹೋದವು. ಮೊಬೈಲಿನ ಆಚೆ ವೀರಪ್ಪ ಲಾರಿಯನ್ನು ಹಿಂದಕ್ಕೆ ಕರೆಯುವವರಂತೆ ಎರಡೂ ಕೈ ಬೀಸುತ್ತಿದ್ದರು. ಮಾಯವ್ವನಿಗೆ ತಡೆಯಲಾಗಲಿಲ್ಲ. ಸೀರೆಯ ಮೇಲಿನಿಂದ ಮುಖ ಹೊರಹಾಕಿದಳು.

"ನಿಮ್ಮ ಊಟದ ವ್ಯವಸ್ಥಾ ಹ್ಯಾಂಗೈತ್ರಿ ತಮ್ಮಾ? ಮಾರಿ ಭಾಳ ಸೊರಗೇತಿ."

ಸಂಘಮಿತ್ರಾಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಮಧು ಕೈಯಲ್ಲಿದ್ದ ಕಾಗದ ಬದಿಗಿಟ್ಟ. ತಾನು ರಾಮದುರ್ಗದವನು, ಮೆಸ್ಸಿನ ಊಟ ಒಗ್ಗುತ್ತಿಲ್ಲ, ಭಾನುವಾರವೂ ಸಾಹೇಬರ ಫೋನು ಬಿಡುವುದಿಲ್ಲ, ಬೆಳಗಾವಿಯ ಒಂದು ಕಂಪನಿ ಸಂದರ್ಶನಕ್ಕೆ ಕರೆದರೂ ಹೋಗಲು ಧೈರ್ಯ ಸಾಲುತ್ತಿಲ್ಲ ಎಂದು ಎಲ್ಲವನ್ನೂ ಹೇಳಿಕೊಂಡ. ವೀರಪ್ಪ ಸುತ್ತುಬಳಸಿ ಬಂದು ಕ್ಯಾಮೆರಾದೊಳಗೆ ನುಗ್ಗಿದರು.

"ಅಂಜಿಕೊಂಡು ಕುಂತ್ರ ಯಾರೂ ಕೆಲಸ ಮನಿಗೆ ತಂದು ಕೊಡೂದಿಲ್ಲ. ಇವತ್ತಽ ಅವರಿಗೆ ಬರತೇನಿ ಅಂತ ಹೇಳ್ರಿ."

ಮಧು ಕಣ್ಣೊರೆಸಿಕೊಂಡು ನಕ್ಕ. ಸಂಘಮಿತ್ರಾ ಆಯ್ಕೆಯಾಗಿದ್ದಾಳೆ, ಸಂಜೆಯೊಳಗೆ ಆದೇಶ ಕಳಿಸುತ್ತೇನೆ ಎಂದ.

ಓಣಿಯೇ ಕುಣಿಯಿತು. ಮಾಯವ್ವ ಮನೆಮನೆಗೆ ಸಕ್ಕರೆ ಹಂಚಿದಳು. ಸುಂದರವ್ವ ಮಗಳ ದೃಷ್ಟಿ ತೆಗೆದಳು. ಸಂಘಮಿತ್ರಾ ಹುಬ್ಬಳ್ಳಿಗೆ ಒಯ್ಯಬೇಕಾದ ಬಟ್ಟೆಗಳನ್ನು ಮೂರು ಸಲ ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

ಸಂಜೆ ಫೋನು ಬಂದಾಗ ಎಲ್ಲರೂ ಸುತ್ತ ನೆರೆದರು. ಎಲ್ಲರಿಗೂ ಕೇಳಲೆಂದು ಅವಳು ಸ್ಪೀಕರ್ ಹಾಕಿದಳು.

"ಅಕ್ಕಾರ, ನಾ ರಾಜೀನಾಮಿ ಕೊಟ್ಟೆ," ಎಂದ ಮಧು. "ಸಾಹೇಬ್ರು ಸಿಟ್ಟಿಗೆದ್ದು, ನಾ ಇವತ್ತ ಆರಿಸಿದ್ದನ್ನೆಲ್ಲಾ ರದ್ದು ಮಾಡ್ಯಾರ. ತಪ್ಪು ತಿಳಕೋಬ್ಯಾಡ್ರಿ."

ಸಂಘಮಿತ್ರಾ ಮಡಚಿಟ್ಟ ಬಟ್ಟೆಗಳ ಕಡೆ ನೋಡಿದಳು. ಸಕ್ಕರೆ ತಿನ್ನುತ್ತಿದ್ದವರು ಅಗಿಯುವುದನ್ನು ನಿಲ್ಲಿಸಿದರು.

"ಅಜ್ಜಾರು ಅಲ್ಲೇ ಅದಾರೇನ್ರಿ?" ಮಧುವಿನ ದನಿ ತಗ್ಗಿತು. "ಒಂದೀಟ ಅವರ ಕೈಯಾಗ ಫೋನ್ ಕೊಡ್ರಿ. ನಾಳೆ ಬೆಳಗಾವ್ಯಾಗ ನಂದು ಇಂಟರ್‌ವ್ಯೂ ಐತಿ."

ವೀರಪ್ಪ ಆಗಲೇ ಕೈ ಚಾಚಿದ್ದರು.