ಹೆಣ್ಣು ಕೊಡಲು ಹೊರಟ ಡೀಸಲ್ ಕಾರು

ಗಂಡಸರ ಕೈಗೆ ಎಂಜಿನ್ ಸಿಕ್ಕಿದ ದಿನದಿಂದ ಇಂಥವು ನಡೆಯುತ್ತಲೇ ಇವೆ, ನಿಲ್ಲೋ ಹಾಗೆ ಕಾಣೆ. ಮೊನ್ನೆ ಮೊಮ್ಮಗ ಫೋನಿನಲ್ಲಿ ಹಳೇ ಕಾಲದ ಡೀಸಲ್ ಕಾರುಗಳ ಚಿತ್ರ ಒಂದೊಂದಾಗಿ ತೋರಿಸಿ, "ನಮ್ಮ ಮನೇಲಿದ್ದಿದ್ದು ಇದಾ ಅವ್ವಾ? ಇದಾ?" ಅಂತ ಕೇಳಿದ. ಯಾವುದೂ ಅಲ್ಲ. ಅವೆಲ್ಲ ಓಡೋ ಕಾರಿನ ಹಾಗೆ ಕಾಣುತ್ತಿದ್ದವು.

ಬೆಟ್ಟ ಇಳಿದದ್ದು

ನಾನು ತಮಿಳು ಸೀಮೆಯ ಚಿನ್ನಮನೂರಿನ ಪಕ್ಕದ ಊರಿಗೆ ಸೊಸೆಯಾಗಿ ಬಂದು ನಾಲ್ಕು ವರ್ಷವಾಗಿತ್ತು. ಅರವತ್ತೆರಡೋ ಅರವತ್ಮೂರೋ ಇರಬೇಕು. ಬೋಡಿಮೆಟ್ಟು ಬೆಟ್ಟದ ಮೇಲೆ ಏಲಕ್ಕಿ ತೋಟ ಇಟ್ಟಿದ್ದ ಒಬ್ಬ ಬಿಳಿ ದೊರೆ ತನ್ನ ದೇಶಕ್ಕೆ ಹೊರಟ. ಕುರ್ಚಿ, ಮೇಜು, ನಾಯಿ ಎಲ್ಲ ಕಟ್ಟಿಕೊಂಡು ಹೋದವನು ಕಾರು ಮಾತ್ರ ಬಿಟ್ಟುಹೋದ. ಬುದ್ಧಿವಂತ. ಅದನ್ನು ನಮ್ಮ ಮಾವ ತಂದರು.

ಗೂನು ಬೆನ್ನು, ಬಾಡಿದ ಬದನೇಕಾಯಿ ಬಣ್ಣ. ಮೂತಿಯ ಮೇಲೆ ಆರು ಅಕ್ಷರ ಇದ್ದವಂತೆ, ಮೂರು ಉದುರಿಹೋಗಿದ್ದವು. ಉಳಿದ ಮೂರನ್ನು ಇಂಗ್ಲಿಷ್ ಬಲ್ಲ ಮೇಷ್ಟ್ರಿಗೂ ಓದಕ್ಕಾಗಲಿಲ್ಲ. ನಾನು ಅಕ್ಷರ ಕಲಿಯಕ್ಕೆ ಪಳ್ಳಿಕೂಡದ ಮೆಟ್ಟಿಲು ಹತ್ತಿದವಳಲ್ಲ. ಆ ಕಾರಿನ ಮುಂದೆ ಮೇಷ್ಟ್ರೂ ನಾನೂ ಒಂದೇ ಆದೆವು. ಅದರಿಂದ ನನಗಾದ ಉಪಕಾರ ಅದೊಂದೇ.

"ಡೀಸಲ್ ಕಾರಮ್ಮಾ ಇದು! ಈ ಕಣಿವೇಲಿ ಇನ್ನೊಂದಿಲ್ಲ," ಅಂದರು ಮಾವ. "ಬಾವಿಯ ಆಯಿಲ್ ಎಂಜಿನ್ನಿಗೆ ಅಂತ ಪೀಪಾಯಿ ಮನೇಲೇ ಇದೆ. ಅದನ್ನೇ ಇದೂ ಕುಡಿಯುತ್ತೆ."

ಮಾವನ ತಂಗಿಯನ್ನು ತೇವಾರಂ ಅನ್ನೋ ಊರಿಗೆ ಕೊಟ್ಟಿತ್ತು. ತೇವಾರಂ ಅತ್ತೆ ಅಂತಲೇ ನಾವು ಕರೆಯೋದು. ಕಾರು ಬಂದ ಸುದ್ದಿ ಕೇಳಿ ನೋಡಕ್ಕೆ ಬಂದರು. ನಾಲ್ಕು ಮನೆ ಆಚೆಯಿಂದಲೇ ಕಿವಿ ಮುಚ್ಚಿಕೊಂಡು ಬಂದು, ಬೀದಿಯವರೆಲ್ಲ ಕೇಳೋ ಹಾಗೆ, "ಏನಣ್ಣಾ, ಅಕ್ಕಿ ಮಿಲ್ಲಿಗೆ ಚಕ್ರ ಹಾಕಿಸಿದ್ದೀಯಾ?" ಅಂದುಬಿಟ್ಟರು.

ಬೀದಿಯೇ ನಕ್ಕಿತು. ಮಾವನ ಮೀಸೆ ನಡುಗಿತು. "ಹೌದು! ಇದೇ ಕಾರಲ್ಲಿ ನಿನ್ನ ಬಾಗಿಲಿಗೆ ಬಂದು ನನ್ನ ಮಗಳನ್ನು ಕೊಡ್ತೀನಿ. ಬಂಡೀಲಿ ಬರಲ್ಲ, ಬಸ್ಸಲ್ಲಿ ಬರಲ್ಲ. ಇದರಲ್ಲಿ ಬಂದರೇ ಸಂಬಂಧ. ಇಲ್ಲ ಅಂದರೆ ಇಲ್ಲ!"

ನಮ್ಮಲ್ಲಿ ಹೆಣ್ಣಿನ ಮೇಲೆ ಮೊದಲ ಹಕ್ಕು ಸೋದರತ್ತೆಯ ಮಗನದು. ಅಣ್ಣನೇ ತಾಂಬೂಲದ ತಟ್ಟೆ ತಗೊಂಡು ತಂಗಿ ಬಾಗಿಲಿಗೆ ಹೋಗಿ ಮಾತು ಕೊಡಬೇಕು. ಆ ಹುಡುಗನೂ ನಮ್ಮ ನಾದಿನಿಯೂ ಮನಸ್ಸು ಕೊಟ್ಟು ಯಾವ ಕಾಲವಾಗಿತ್ತೋ. ಅವಳು ಒಳಗೆ ಬಂದು ನನ್ನ ಹೆಗಲ ಮೇಲೆ ತಲೆ ಇಟ್ಟು, "ಅತ್ತಿಗೇ, ಅದು ತೇವಾರಂ ಮುಟ್ಟುತ್ತಾ?" ಅಂದಳು.

"ಮೊದಲು ನಮ್ಮ ಬೀದಿ ದಾಟಲಿ, ಆಮೇಲೆ ಅಳುವಿಯಂತೆ," ಅಂದೆ.

ಬಿಸಿನೀರು

ಓಡಿಸೋರು ಬೇಕಲ್ಲ? ಎಂಜಿನ್ ಎಲ್ಲ ಒಂದೇ ಅನ್ನೋದು ನಮ್ಮ ಮಾವನ ಶಾಸ್ತ್ರ. ಊರಿನ ಬಾವಿಗಳ ಆಯಿಲ್ ಎಂಜಿನ್ ರಿಪೇರಿ ಮಾಡೋ ಫಿಟ್ಟರನ್ನು ಹಿಡಿದು ತಂದು ಕೂರಿಸಿದರು. ಅವನಿಗೆ ಐವತ್ತು ದಾಟಿತ್ತು. "ಅಯ್ಯಾ, ನಾನು ಮುಟ್ಟಿದ ಎಂಜಿನ್ ಇದುವರೆಗೂ ಇದ್ದ ಜಾಗ ಬಿಟ್ಟು ಕದಲಿಲ್ಲ," ಅಂತ ಹೆಮ್ಮೆಯಿಂದ ಹೇಳಿದ.

ಆ ಮಾತನ್ನು ಅವನು ಉಳಿಸಿಕೊಂಡ.

ಮಾರ್ಗಳಿ ತಿಂಗಳ ಚಳಿ. ಒಳ್ಳೆ ದಿನ ನೋಡಿ ಬೆಳಗ್ಗೆಯೇ ಹೊರಟೆವು. ಡೀಸಲ್ ಎಂಜಿನ್ ತಣ್ಣಗಿದ್ದರೆ ಎದ್ದೇಳಲ್ಲ, ಒಳಗೊಂದು ತಂತಿ ಕಾದು ಕೆಂಪಾಗಬೇಕಂತೆ. ನಮ್ಮದರಲ್ಲಿ ಆ ತಂತಿ ಸತ್ತು ಎಷ್ಟು ಕಾಲವಾಗಿತ್ತೋ. ಫಿಟ್ಟರ್ ಅಂದ, "ಮೇಲೆ ಬಿಸಿನೀರು ಹುಯ್ದರೆ ಏಳುತ್ತೆ."

ಒಂದು ಹಂಡೆ ಹುಯ್ದರು. ಕೆಮ್ಮಿತು. ಇನ್ನೊಂದು ಹಂಡೆ. ಸೀನಿತು. ಮೂರನೇ ಹಂಡೆ. ಕೆಳಗೆ ಹುಲ್ಲು ಹಾಕಿ ಬೆಂಕಿಯ ಕಾವೂ ಕೊಟ್ಟರು. ಬಿಸಿಲೇರಿತು, ರಾಹುಕಾಲ ಬಂತು, ಹೋಯಿತು. ಹಟ್ಟಿಯಿಂದ ಎಮ್ಮೆ ಇಣುಕಿ ನೋಡಿ ಮುಖ ತಿರುಗಿಸಿತು. ಏಳನೇ ಹಂಡೆ ಒಲೆಗೇರಿಸುವಾಗ ನಮ್ಮತ್ತೆ ಊದುಕೊಳವೆ ನೆಲಕ್ಕೆ ಬಿಸಾಕಿದರು.

"ಐದು ಹೆತ್ತೆ. ಐದು ಬಾಣಂತನಕ್ಕೂ ಈ ಮನೇಲಿ ನನಗೆ ಇಷ್ಟು ಬಿಸಿನೀರು ಯಾರೂ ಕಾಯಿಸಿಕೊಡಲಿಲ್ಲ!"

ದಿಂಡುಗಲ್ಲಿನ ಬುದ್ಧಿ

ಸತ್ತ ತಂತಿಯನ್ನು ಕಿತ್ತುಕೊಂಡು, ಅದಕ್ಕೆ ಬದಲು ತರಕ್ಕೆ ಮಾವ ದಿಂಡುಗಲ್ಲಿಗೆ ಹೋದರು. ಬಸ್ಸಲ್ಲಿ. ಕಾರಿಗೋಸ್ಕರ ಬಸ್ಸಲ್ಲಿ ಹೋದರೆ ಆಣೆ ಮುರಿಯಲ್ಲವಂತೆ, ಅದಕ್ಕೂ ಒಂದು ಶಾಸ್ತ್ರ ಇಟ್ಟುಕೊಂಡಿದ್ದರು. ಮೋಟಾರು ಸಾಮಾನಿನ ಅಂಗಡಿ ಒಂದನ್ನೂ ಬಿಡಲಿಲ್ಲ. ಒಬ್ಬ ಅದನ್ನು ದೀಪದ ಬತ್ತಿ ಅಂದನಂತೆ, ಇನ್ನೊಬ್ಬ ಕಿವಿಯ ಗುಗ್ಗೆ ತೆಗೆಯೋದು ಅಂದನಂತೆ.

ಕಡೆಗೆ ಒಬ್ಬ ಮುದುಕ ಅಂಗಡಿಯವನು ಕನ್ನಡಕ ಏರಿಸಿ, ತಿರುಗಿಸಿ ಮುರುಗಿಸಿ ನೋಡಿ, "ಕಾರು ಯಾವುದು?" ಅಂತ ಕೇಳಿದ. ಮಾವ ಅದರ ಬೆನ್ನು, ಮೂತಿ, ಹೊಗೆ, ಸದ್ದು ಎಲ್ಲ ವರ್ಣಿಸಿದರು. ಅವನು ಕನ್ನಡಕ ಇಳಿಸಿದ.

"ಇದಕ್ಕೆ ಸಾಮಾನು ಸಿಕ್ಕಲ್ಲ ಅಯ್ಯಾ. ಆದರೆ ದಿಂಡುಗಲ್ಲಿಗೆ ಬಂದಿದ್ದೀರಿ, ಬರಿಗೈಲಿ ಹೋಗಬೇಡಿ. ನಮ್ಮೂರ ಬೀಗ ಹೆಸರುವಾಸಿ, ದೊಡ್ಡದೊಂದು ತಗೊಳ್ಳಿ. ಕಾರನ್ನು ಕೊಟ್ಟಿಗೆಗೆ ತಳ್ಳಿ, ಬಾಗಿಲಿಗೆ ಹಾಕಿ, ಬೀಗದ ಕೈಯನ್ನು ಬಾವಿಗೆ ಎಸೆದುಬಿಡಿ."

ಮಾವ ಬೀಗ ತಂದರು. ಅಕ್ಕಿ ಕೋಣೆಗೆ ಹಾಕಿದರು.

ವೀಳ್ಯದೆಲೆ

ಮಾಸಿ ತಿಂಗಳಲ್ಲಿ ಬಿಸಿಲು ಏರಿತು, ಕಾರು ತನ್ನಷ್ಟಕ್ಕೆ ಎದ್ದಿತು. ಮುಂದೆ ಮಾವ, ಫಿಟ್ಟರ್. ಹಿಂದೆ ನಾನು, ನಮ್ಮತ್ತೆ, ತಾಂಬೂಲದ ತಟ್ಟೆ, ಕಾರು ಕಾದರೆ ಹುಯ್ಯಲು ಎರಡು ಕೊಡ ನೀರು. ಕಾರು ಕುಣಿದ ಕುಣಿತಕ್ಕೆ ಅರ್ಧ ನೀರು ನನ್ನ ಸೀರೆಯೇ ಕುಡಿಯಿತು. ದಾರಿಯಲ್ಲಿ ಒಬ್ಬಳು, "ಯಾರು ಹೋಗಿಬಿಟ್ಟರಕ್ಕಾ, ಇಷ್ಟು ನೆನೆದಿದ್ದೀರಲ್ಲಾ?" ಅಂತ ಮರುಗಿದಳು.

ಮಾರ್ಕಯನ್‌ಕೋಟ್ಟೈ ತನಕ ಬಂತು. ಅಲ್ಲೊಂದು ಏರು. ಏರಿನಲ್ಲಿ ಅದು ನಡೆಯೋದಕ್ಕಿಂತ ಹೊಗೆ ಬಿಡೋದೇ ಹೆಚ್ಚು. ನಮ್ಮ ಹಿಂದೆ ಒಬ್ಬ ವೀಳ್ಯದೆಲೆ ವ್ಯಾಪಾರಿ, ಬಂಡಿ ತುಂಬ ಹಸಿರು ಕಟ್ಟು, ದಾಟಿಹೋಗಲು ಜಾಗವಿಲ್ಲ. ಏರಿನ ನೆತ್ತಿಯಲ್ಲಿ ಕಾರು ಉಸ್ಸೆಂದು ನಿಂತಿತು. ಅವನು ಬಂಡಿಯಿಂದ ಇಳಿದು ಬಂದ. ಕಣ್ಣೆರಡು ಬಿಟ್ಟು ಮಿಕ್ಕಿದ್ದೆಲ್ಲ ಮಸಿ. ಕೈಯಲ್ಲಿ ಒಂದು ಕಟ್ಟು ಎಲೆ ಹಿಡಿದಿದ್ದ. ಅದೂ ಮಸಿ.

"ಅಯ್ಯಾ, ಊರು ಬಿಡುವಾಗ ಇದು ವೀಳ್ಯದೆಲೆ," ಅಂದ. "ನಿಮ್ಮ ಹಿಂದೆ ಬಂದು ಹೊಗೆಸೊಪ್ಪಾಯಿತು. ಈಗ ಯಾವ ಸಂತೆಗೆ ಹೋಗಲಿ, ನೀವೇ ಹೇಳಿ."

ಆವತ್ತು ನಮ್ಮನ್ನು ಮನೆಗೆ ಎಳೆದು ತಂದದ್ದು ಅವನ ಎತ್ತುಗಳೇ.

ತೇವಾರಂ ಬಾಗಿಲು

ಪಂಗುನಿ ಬಂತು. ತೇವಾರದ ಹಿರಿಯರು ಹೇಳಿ ಕಳಿಸಿದರು: ಈ ತಿಂಗಳೊಳಗೆ ಮಾತು ಬರಲಿಲ್ಲ ಅಂದರೆ ಹುಡುಗನಿಗೆ ಬೇರೆ ಕಡೆ ನೋಡ್ತೀವಿ. ನಾದಿನಿ ಅನ್ನ ಬಿಟ್ಟಳು. "ಬಂಡಿ ಕಟ್ಟಿಸಿ ಮಾವ, ಹುಡುಗಿ ಮುಖ ನೋಡಿ," ಅಂತ ನಾನು ಕಾಲು ಹಿಡಿಯೋದೊಂದು ಬಾಕಿ. ಮಾವ ಪೀಪಾಯಿಯಿಂದ ಕಾರಿನ ಹೊಟ್ಟೆ ತುಂಬಿಸುತ್ತಿದ್ದರು. ತಿಂಗಳ ಕಡೇ ಮುಹೂರ್ತದ ದಿನ ಅದೇ ನಾಲ್ವರು ಮತ್ತೆ ಹತ್ತಿದೆವು.

ಏನು ಪುಣ್ಯವೋ, ಮುಟ್ಟಿಬಿಟ್ಟೆವು! ತೇವಾರಂ ಅತ್ತೆಯ ಅಂಗಳದಲ್ಲಿ ಹಿರಿಯರು ಐದು ಜನ ಚಾಪೆ ಹಾಸಿ ಕೂತಿದ್ದರು. ಮಾವ ಜರಿ ರುಮಾಲು ಸರಿಮಾಡಿಕೊಂಡು, ಕೋಟೆ ಗೆದ್ದವರ ಹಾಗೆ ಇಳಿದರು. ಫಿಟ್ಟರ್ ಕಾರಿನ ಬೀಗದ ಕೈ ತಿರುಗಿಸಿ, ಕಿತ್ತು, ಮಾವನ ಕೈಗೆ ಮರ್ಯಾದೆಯಿಂದ ಕೊಟ್ಟ. ಬೀಗದ ಕೈ ಮಾವನ ಸೊಂಟ ಸೇರಿತು. ಎಂಜಿನ್ ಡಗಡಗ ಅಂತಲೇ ಇತ್ತು.

ಆ ಕಾಲದ ಡೀಸಲ್ ಕಾರು ಬೀಗದ ಕೈಗೆ ನಿಲ್ಲಲ್ಲ. ಒಂದು ಗುಬುಟು ಎಳೆದರೆ ಎಣ್ಣೆ ಕಟ್ಟಾಗಿ ನಿಲ್ಲುತ್ತೆ. ಫಿಟ್ಟರ್ ಎಳೆದ. ಗುಬುಟು, ಅದರ ಹಿಂದೆ ಒಂದು ಮಾರು ತಂತಿ, ಎಲ್ಲ ಅವನ ಕೈಗೇ ಬಂತು.

ಮಾವ ಹಿರಿಯರ ಮುಂದೆ ತಟ್ಟೆ ಹಿಡಿದು ಬಾಯಿ ತೆರೆದರು. ಬಾಯಿ ಆಡೋದು ಕಾಣುತ್ತೆ, ಮಾತು ಕೇಳಲ್ಲ. ಕಿರುಚಿದರು. ಕೇಳಲ್ಲ. ಎಲ್ಲರಿಗಿಂತ ಹಿರಿಯರು ಎದ್ದು ಬಂದು ಮಾವನ ಕಿವಿಗೇ ಬಾಯಿಟ್ಟು ಕೂಗಿದರು. ಪಕ್ಕದಲ್ಲೇ ಇದ್ದೆನಲ್ಲ, ಅದು ನನಗೆ ಕೇಳಿತು: "ಐವರೂ ಕೇಳದ ಮಾತು ಮಾತಲ್ಲ! ರಾಹುಕಾಲಕ್ಕೆ ಕಾಲು ಗಳಿಗೆ ಇದೆ! ಅದನ್ನು ನಿಲ್ಲಿಸಿ!"

"ಎಣ್ಣೆ ಮುಗಿದರೆ ನಿಲ್ಲುತ್ತೆ!" ಅಂತ ಫಿಟ್ಟರ್ ಕೂಗಿದ. "ಯಾವಾಗ ಮುಗಿಯುತ್ತೆ?" "ನಾಳೆ!"

ನಾನು ತಟ್ಟೆಯ ಹೂವು ನೋಡಿಕೊಂಡು ಮನೇಲಿ ಹಸಿದು ಕೂತವಳನ್ನು ನೆನೆಸಿಕೊಂಡೆ. ನಮ್ಮತ್ತೆ ಕಂಡಕಂಡ ದೇವರಿಗೆಲ್ಲ ಹರಕೆ ಹೊರುತ್ತಿದ್ದರು.

ಆಗ ತೇವಾರಂ ಅತ್ತೆ ಸೆರಗು ಸಿಕ್ಕಿಸಿಕೊಂಡು ಒಳಗಿಂದ ಬಂದರು. ಅವರ ಬಾವಿಯಲ್ಲೂ ಆಯಿಲ್ ಎಂಜಿನ್ ಇತ್ತು. ಗಂಡ ಹೋದಮೇಲೆ ಅದನ್ನು ಓಡಿಸಿದ್ದೂ ನಿಲ್ಲಿಸಿದ್ದೂ ಅವರೇ. ಎಂಜಿನ್ ಮಾತು ಕೇಳದಿದ್ದರೆ ಅದು ಗಾಳಿ ಎಳೆಯೋ ಬಾಯಿಗೆ ಒದ್ದೆ ಗೋಣಿ ತುರುಕಬೇಕು ಅಂತ ಅವರಿಗೆ ಗೊತ್ತು. ಗೋಣಿ ಹುಡುಕಲು ಹೊತ್ತಿಲ್ಲ. ಸೀದಾ ಬಂದವರೇ ಅಣ್ಣನ ತಲೆಯ ಮೇಲಿನ ಜರಿ ರುಮಾಲು ಕಿತ್ತು, ದನದ ಕಲಗಚ್ಚಿನ ತೊಟ್ಟಿಯಲ್ಲಿ ಅದ್ದಿ, ಕಾರಿನ ಮೂತಿ ಎತ್ತಿಸಿ, ಮೊಳಕೈವರೆಗೂ ತುರುಕಿದರು.

ಕಾರು ಬಿಕ್ಕಿತು. ಗಡಗಡ ನಡುಗಿತು. ಸತ್ತಿತು.

ಅಂಥ ನಿಶ್ಶಬ್ದ ನಾನು ಆಮೇಲೆ ಕಂಡಿಲ್ಲ. ಮಾವ ಬೋಳುತಲೆಯಲ್ಲಿ, ತಟ್ಟೆ ಹಿಡಿದು, ಅದೇ ಹಳೇ ಜೋರಿನಲ್ಲಿ, "ಹೆಣ್ಣು ಕೊಟ್ಟೇ!" ಅಂತ ಕಿರುಚಿದರು. ತೇವಾರವೆಲ್ಲ ಕೇಳಿರಬೇಕು.

ತೇವಾರಂ ಅತ್ತೆ ಕೈ ಒರೆಸಿಕೊಂಡು ತಟ್ಟೆ ಇಸಕೊಂಡರು.

"ತಗೊಂಡೆ ಅಣ್ಣಾ, ಮೆಲ್ಲಗೆ ಹೇಳು. ಮದುವೆಗೆ ಹೆಣ್ಣು ಕರೆಸಕ್ಕೆ ಬಂಡಿ ನಾನೇ ಕಳಿಸ್ತೀನಿ. ನಿನ್ನ ಕಾರಲ್ಲಿ ಕಳಿಸಿದೆ ಅಂದರೆ, ಅದು ಬಂದು ಮುಟ್ಟಿ, ತಾಳಿ ಕಟ್ಟೋ ಹೊತ್ತಿಗೆ ನನ್ನ ಮಗನ ಬಾಯಲ್ಲಿ ಒಂದು ಹಲ್ಲೂ ಇರಲ್ಲ."